ಎತ್ತಿದ ಕಲ್ಲು ಇಳಿಸುವ ಬಗೆ

ಹೊಳೆಯ ಈ ದಂಡೆಗೊಂದು ಗರಡಿ, ಆ ದಂಡೆಗೊಂದು ಗರಡಿ. ಎರಡಕ್ಕೂ ಸೇರಿ ಒಂದೇ ಕಲ್ಲು.

ಕರಿಕಲ್ಲಿನ ಗುಂಡು ಅದು. ಹಿಡಿಕೆಯಿಲ್ಲ, ಮೂಲೆಯಿಲ್ಲ. ತಬ್ಬಿಕೊಂಡೇ ಎತ್ತಬೇಕು.

ಯುಗಾದಿಯ ಮರುದಿನ ಕಲ್ಲು ಯಾವ ದಂಡೆಯಲ್ಲಿರುತ್ತದೋ ಅಲ್ಲಿಗೆ ಎದುರು ದಂಡೆಯವನೊಬ್ಬ ಹೋಗುತ್ತಾನೆ. ಹೆಗಲಿಗೇರಿಸಿಕೊಂಡು ಹೊಳೆಗಿಳಿಯುತ್ತಾನೆ. ತನ್ನ ದಂಡೆಗೆ ತಂದಿಟ್ಟರೆ ಕಲ್ಲು ಅವರದು. ನಡುವೆ ಎಲ್ಲಿ ಕೈಬಿಟ್ಟರೂ ಸೋತಂತೆ.

ಇನ್ನೊಂದು ಕಟ್ಟುಪಾಡೂ ಇತ್ತು. ಒಬ್ಬನಿಗೆ ಜೀವಮಾನದಲ್ಲಿ ಎರಡೇ ಸಲ ಅವಕಾಶ. ಆಮೇಲೆ ಅವನು ಆ ಕಲ್ಲನ್ನು ಮುಟ್ಟುವಂತೆಯೇ ಇಲ್ಲ.

ಈ ದಂಡೆಯ ಯಮನೂರಪ್ಪ ಒಂದು ಸಲವನ್ನು ಆಗಲೇ ಕಳೆದುಕೊಂಡಿದ್ದ.

ಎಂಥ ಕಳೆದುಕೊಳ್ಳುವಿಕೆ ಅಂತೀರಿ! ಕಲ್ಲು ಹೆಗಲಿಗೇರಿತ್ತು. ಎರಡೂ ದಂಡೆಯಲ್ಲಿ ಹಲಗೆ ವಾದ್ಯ ಬಡಿಯುತ್ತಿದ್ದರು. ನಡುಹೊಳೆಯಲ್ಲಿ ಕಾಲು ಜಾರಿತು. ಯಮನೂರಪ್ಪ ಕಲ್ಲನ್ನು ಒಗೆದು ತಾನೂ ಮುಳುಗಿದ. ಎದ್ದಾಗ ಬಾಯ್ತುಂಬ ನೀರು, ಕೈಯೆರಡೂ ಖಾಲಿ.

ಆ ದಂಡೆಯವರು ಹಗ್ಗ ಕಟ್ಟಿ ಕಲ್ಲನ್ನು ಎಳೆದುಕೊಂಡು ಹೋದರು. ಆ ಗರಡಿಯ ಹುರಿಯಾಳು ಇರಗೊಂಡ ಕೈ ಬಾಯಿಗೆ ಹಿಡಿದು ಕೂಗಿದ.

"ಯಮನೂರಪ್ಪಾ! ಮೀನಿಗೆ ಮನಿ ಕಟ್ಟಾಕ ಕಲ್ಲು ಒಯ್ದಿದ್ಯೇನೋ?"

ಎರಡೂ ದಂಡೆ ನಕ್ಕವು. ಸ್ವಂತ ದಂಡೆಯೂ ನಕ್ಕದ್ದರಿಂದ ಯಮನೂರಪ್ಪನಿಗೆ ಹೆಚ್ಚು ನೋವಾಯಿತು. ಅಲ್ಲಿಂದಾಚೆಗೆ ಸಂತೆಗೆ ಹೋದರೂ ಅದೇ ಮಾತು. "ಮೀನಿನ ಮನಿ ಎಲ್ಲಿತನಕ ಬಂತಪಾ?"

ಉಳಿದದ್ದು ಇನ್ನೊಂದೇ ಸಲ.

ದೀಪಾವಳಿ ಮುಗಿದ ಮೇಲೆ ಅವನು ಗುರುಗಳ ಮುಂದೆ ಬಂದು ನಿಂತ. ಗುರುಗಳೆಂದರೆ ಸಂಗೊಂಡಪ್ಪ ವಸ್ತಾದರು. ವಯಸ್ಸಾಗಿ ಮೈ ಒಣಗಿತ್ತು. ಕುಸ್ತಿಯಲ್ಲಿ ಜಜ್ಜಿಹೋದ ಕಿವಿಗಳು ಮಾತ್ರ ಹಳೆಯ ಪೈಲ್ವಾನನ ಗುರುತು ಹೇಳುತ್ತಿದ್ದವು.

"ವಸ್ತಾದ್ರ, ನನಗ ಇನ್ನೂ ಭಾರದ ಕಲ್ಲು ಬೇಕ್ರಿ."

"ಇದ್ದದ್ದಕ್ಕ ಏನಾಗೇತಿ?"

"ಅದು ನನಗ ಸಾಲಂಗಿಲ್ಲ. ಹೋದ ಸಲ ಭಾರಕ್ಕ ಬಿದ್ನಿ. ಈ ಸಲ ಅದಕ್ಕಿಂತ ಭಾರ ಎತ್ತಿ ಎತ್ತಿ ರೂಢಿ ಮಾಡ್ಕೋತೀನಿ."

ಪಕ್ಕದಲ್ಲಿ ದಸ್ತಗೀರ ಮರದ ಮುದ್ಗರ ತಿರುಗಿಸುತ್ತಿದ್ದ. ಅದೇ ಗರಡಿಯ ಶಿಷ್ಯ, ಯಮನೂರಪ್ಪನ ಜೀವದ ಗೆಳೆಯ, ನಾಲಿಗೆ ಮಾತ್ರ ಖಾರ. ಅವನ ಮೈಮೇಲೆ ಒಂದೊಂದು ಸ್ನಾಯುವೂ ಗೆರೆ ಕೊರೆದಂತೆ ಬೇರೆ ಬೇರೆ ಕಾಣುತ್ತಿತ್ತು.

"ಭಾರ ಎತ್ತಿ ಎತ್ತಿ ನೀ ಜ್ವಾಳದ ಚೀಲ ಆಗೀದಿ ದೋಸ್ತಾ," ಅಂದ ದಸ್ತಗೀರ. "ನನ್ನ ನೋಡು. ಹಗುರದ್ದು ಹಿಡೀಬೇಕು, ಸಾವಿರ ಸಲ ತಿರುವಬೇಕು. ಮೈ ಕಲ್ಲಾಗ ಕಡದಂಗ ಆಗತೈತಿ."

"ನಿನ್ನ ಮೈ ನೋಡಾಕ ಚಂದ. ಚಂದ ನೋಡಿ ಕಲ್ಲು ಮ್ಯಾಲ ಏಳತೈತೇನು?"

"ನಿನ್ನ ಕಲ್ಲರ ಎದ್ದು ಎಲ್ಲಿಗೆ ಹೋತು? ಹೊಳಿಗೆ!"

ಇಬ್ಬರೂ ಎದೆಗೆ ಎದೆ ಕೊಟ್ಟು ನಿಂತರು. ಗರಡಿಯ ಹುಡುಗರು ಅರ್ಧ ಇವನ ಕಡೆ, ಅರ್ಧ ಅವನ ಕಡೆ. ಭಾರ ಭಾರ ಅಂತ ಇವರು, ಹಗುರ ಹಗುರ ಅಂತ ಅವರು. ಗರಡಿ ಅನ್ನುವುದು ಸಂತೆಯಾಯಿತು.

"ನೀವ ಹೇಳ್ರಿ ವಸ್ತಾದ್ರ," ಅಂದ ಯಮನೂರಪ್ಪ. "ಮೈ ಬೆಳಿಯೋದು ಭಾರಕ್ಕೋ, ಹಗುರಕ್ಕೋ?"

ವಸ್ತಾದರು ಮೂಲೆಗೆ ಹೋದರು. ತೆಂಗಿನಕಾಯಿ ಗಾತ್ರದ ಒಂದು ಕಲ್ಲು ತಂದು ಅವನ ಕೈಗಿಟ್ಟರು.

ದಸ್ತಗೀರನ ಕಡೆಯವರು ಸಿಳ್ಳೆ ಹಾಕಿದರು. ಯಮನೂರಪ್ಪನ ಮುಖ ಕೆಂಪಾಯಿತು.

ವಸ್ತಾದರು ಕೆಮ್ಮಣ್ಣಿನ ಅಂಕಣದ ಅಂಚಿನಲ್ಲೇ ಮೈ ಚಾಚಿದರು. ಟವೆಲ್ಲು ಮುಖದ ಮೇಲೆ ಎಳೆದುಕೊಂಡರು.

"ಎತ್ತು. ಇಳಸು. ನನ್ನ ನಿದ್ದಿ ಕೆಡಬಾರದು."

"ಎಷ್ಟು ಸಲ್ರಿ?"

"ತೋಳು ಹೇಳತೈತಿ."

ಯಮನೂರಪ್ಪ ಒಂದು ಕೈಯಲ್ಲಿ ಎತ್ತಿದ, ಇಳಿಸಿದ. ಇನ್ನೊಂದು ಕೈಯಲ್ಲಿ ಎತ್ತಿದ, ಇಳಿಸಿದ. ಬಿಸಿಲು ಗೋಡೆಯಿಂದ ಅಂಕಣಕ್ಕಿಳಿಯಿತು. ಅವನು ಒಮ್ಮೆ ಕಾಗೆ ನೋಡಿದ, ಒಮ್ಮೆ ದಸ್ತಗೀರನ ಹಲ್ಲು ನೋಡಿದ. ಕೊನೆಗೆ ಕಲ್ಲನ್ನು ದೊಪ್ಪೆಂದು ಕೆಡವಿದ.

ಟವೆಲ್ಲು ಸರಿಯಿತು.

"ಯಾಕ ಬಿಟ್ಟಿ?"

"ಬ್ಯಾಸರಾತ್ರಿ."

"ನಿನಗೋ, ತೋಳಿಗೋ?"

ಯಮನೂರಪ್ಪ ತಲೆ ಕೆರೆದುಕೊಂಡ. "ನನಗ್ರಿ."

"ತೋಳು ಏನಂತು?"

"ಏನೂ ಅನ್ನಲಿಲ್ರಿ. ಸುಮ್ಮನ ಇತ್ತು."

"ಹಂಗಾರ ಅದರ ಕೆಲಸ ಇನ್ನೂ ಶುರುನ ಆಗಿಲ್ಲ," ಅಂದರು ವಸ್ತಾದರು. "ಹಗುರ ಕಲ್ಲು ಸುಳ್ಳು ಹೇಳಾಕ ಬಾಳ ಜಾಗಾ ಕೊಡತೈತಿ ತಮ್ಮಾ."

ದಸ್ತಗೀರ ಹೊಟ್ಟೆ ಹಿಡಿದುಕೊಂಡು ನಕ್ಕ. "ನಾ ಹೇಳಿದ್ದಿಲ್ಲೇನು? ಹಗುರದ್ದನ್ನ ಮಾಡಾಕ ಗಂಡೆದಿ ಬೇಕು!"

"ನೀ ಇಲ್ಲಿ ಬಾ," ಅಂದರು ವಸ್ತಾದರು.

ದೊಡ್ಡ ಕಲ್ಲನ್ನು ಕಾಲಿನಿಂದ ತೋರಿಸಿದರು.

ದಸ್ತಗೀರ ತಬ್ಬಿದ. ಕಲ್ಲು ನೆಲ ಬಿಟ್ಟಿತು, ಮೊಣಕಾಲಿನವರೆಗೆ ಬಂತು, ಅಲ್ಲೇ ಹಟ ಹಿಡಿದು ನಿಂತಿತು. ಅವನ ಕಣ್ಣು ಹೊರಗೆ ಬಂದವು, ಕಲ್ಲು ಮೇಲೆ ಬರಲಿಲ್ಲ.

"ವಸ್ತಾದ್ರ, ನಾ ತಿರುವಿದ ಸಾವಿರ ಎಲ್ಲಿ ಹೋತ್ರಿ?"

"ಆ ಮುದ್ಗರ ಯಾವಾಗಿಂದು?"

"ಗರಡಿಗೆ ಬಂದ ದಿನ ನೀವ ಕೊಟ್ಟದ್ರಿ."

"ಅದ ಮುದ್ಗರ. ಅದ ಸಾವಿರ. ನೀ ಎಣಿಸಿಕೊಂತ ಇದ್ದಿ, ತೋಳು ನಿದ್ದಿ ಹೊಡಕೊಂತ ಇತ್ತು."

ಈಗ ನಗುವ ಸರದಿ ಯಮನೂರಪ್ಪನದು. ಅವನು ಚೆನ್ನಾಗಿಯೇ ನಕ್ಕ.

ಮರುದಿನ ಅವನಿಗೆ ದೊಡ್ಡ ಕಲ್ಲು ಸಿಕ್ಕಿತು. ಹಬ್ಬದೂಟ ಸಿಕ್ಕವನಂತೆ ಅದರ ಮೇಲೆ ಬಿದ್ದ. ವಸ್ತಾದರು ಮತ್ತೆ ಟವೆಲ್ಲು ಹೊದ್ದು ಮಲಗಿದ್ದರು.

ಗರಡಿಯ ಗೋಡೆಯ ಮೇಲೆ ಊರ ಹುಡುಗರು ಸಾಲಾಗಿ ಕೂತಿದ್ದರು. ಆ ಊರಿನಲ್ಲಿ ಎತ್ತುವವನ ಬೆಲೆ ಕಟ್ಟುತ್ತಿದ್ದದ್ದು ಕಣ್ಣಿನಿಂದಲ್ಲ, ಕಿವಿಯಿಂದ. ಕಲ್ಲು ಹೆಗಲಿಗೇರಬೇಕು, ಎತ್ತಿದವನು ಒಮ್ಮೆ ಸುತ್ತ ನೋಡಬೇಕು, ಆಮೇಲೆ ನೆಲ ನಡುಗುವಂತೆ ಒಗೆಯಬೇಕು. ಸಪ್ಪಳ ಜೋರಾದಷ್ಟೂ ಅವನು ದೊಡ್ಡ ಪೈಲ್ವಾನ. ಎಲ್ಲರೂ ಹಾಗೇ ಕಲಿತಿದ್ದರು, ಎಲ್ಲರೂ ಹಾಗೇ ಕೆಟ್ಟಿದ್ದರು.

ಯಮನೂರಪ್ಪ ಎತ್ತಿದ. ಸುತ್ತ ನೋಡಿದ. ಒಗೆದ.

ಧಡ್!

"ಭಲೇ!" ಅಂತ ಗೋಡೆ ಕೂಗಿತು.

ಟವೆಲ್ಲು ಸರಿಯಿತು. "ಎತ್ತಿಲ್ಲ," ಅಂದರು ವಸ್ತಾದರು.

"ಎಲ್ಲಾರೂ ನೋಡ್ಯಾರ್ರಿ! ಹೆಗಲ ಮ್ಯಾಲ ಇತ್ತು!"

"ಅರ್ಧ ಎತ್ತಿದಿ. ಉಳಿದ ಅರ್ಧ ಭೂಮಿ ಎತ್ತಿತು. ಭೂಮಿ ಮೈ ಬೆಳೀತು, ನಿಂದಲ್ಲ."

"ಮತ್ತೇನು ಮಾಡ್ಲಿ?"

"ಕೂಸನ್ನ ತೊಟ್ಟಲಕ್ಕ ಹಾಕೋದು ನೋಡೀದಿ ಇಲ್ಲೋ? ಹಂಗ ಇಳಸು. ಭಾರದ್ದಾದರೂ ಅಷ್ಟ, ಹಗುರದ್ದಾದರೂ ಅಷ್ಟ. ಸಪ್ಪಳ ಕೇಳಿದ್ರ ನಾ ಏಳತೀನಿ. ನಾ ಎದ್ರ ಮೊದಲಿಂದ."

ಯಮನೂರಪ್ಪ ಮತ್ತೆ ಎತ್ತಿದ. ಈ ಸಲ ಒಗೆಯಲಿಲ್ಲ, ಇಳಿಸಲು ನೋಡಿದ. ಹೆಗಲಿನಿಂದ ಎದೆಗೆ ಬರುವಷ್ಟರಲ್ಲಿ ತೋಳು ಥರಥರ ನಡುಗಿದವು. ಎದೆಯಿಂದ ಸೊಂಟಕ್ಕೆ ಬರುವಷ್ಟರಲ್ಲಿ ಬೆವರು ಕಣ್ಣಿಗಿಳಿಯಿತು. ಸೊಂಟದಿಂದಾಚೆಗೆ ಕಲ್ಲು ಅವನ ಮಾತು ಕೇಳಲಿಲ್ಲ.

ಧಡ್!

"ಮೊದಲಿಂದ," ಅಂತು ಟವೆಲ್ಲು.

ಆ ದಿನ ವಸ್ತಾದರಿಗೆ ನಿದ್ದೆಯೇ ಆಗಲಿಲ್ಲ.

ಸಂಜೆಗೆ ಯಮನೂರಪ್ಪ ತಾನಾಗಿಯೇ ಮೂಲೆಗೆ ಹೋದ. ಒಂದು ನಡುತರದ ಕಲ್ಲು ಆರಿಸಿ ತಂದ. ತನ್ನ ಕೈಯಿಂದ ತಾನೇ ಸಣ್ಣ ಕಲ್ಲು ತರುವುದೆಂದರೆ ಅವನಂಥವನಿಗೆ ಸಾಮಾನ್ಯದ ಮಾತಲ್ಲ. ಕಣ್ಣಲ್ಲಿ ನೀರೇ ಬಂದಿತ್ತು, ಬೆವರೆಂದು ಒರೆಸಿಕೊಂಡ.

"ಇದನ್ನ ಇಳಸಾಕ ಬರತೈತ್ರಿ," ಅಂದ.

"ಹಂಗಾರ ಇದನ್ನ ಎತ್ತು," ಅಂದರು ವಸ್ತಾದರು.

ಅಂದಿನಿಂದ ಗರಡಿಯಲ್ಲಿ ಸಪ್ಪಳ ಕಡಿಮೆಯಾಯಿತು. ಗೋಡೆಯ ಮೇಲಿನ ಹುಡುಗರು ಕೆಲವು ದಿನ ಕಿವಿಗೊಟ್ಟು ಕಾದರು. ಧಡ್ ಅನ್ನುವುದಿಲ್ಲ, ಭಲೇ ಅನ್ನುವುದಕ್ಕೆ ಏನೂ ಇಲ್ಲ. ಎದ್ದು ಗೋಲಿ ಆಡಲು ಹೋದರು.

ವಸ್ತಾದರು ಒಂದು ದಿನ ಭಾರದ್ದು ಕೊಡುತ್ತಿದ್ದರು, ಒಂದು ದಿನ ಹಗುರದ್ದು. ಯಾಕೆಂದು ಹೇಳುತ್ತಿರಲಿಲ್ಲ. ಭಾರದ್ದಾದರೆ ತೋಳು ಬೇಗ ಮಾತಾಡುತ್ತಿತ್ತು. ಹಗುರದ್ದಾದರೆ ಬಹಳ ಹೊತ್ತು ಕಾಯಿಸಿ, ಸತಾಯಿಸಿ ಮಾತಾಡುತ್ತಿತ್ತು.

ಒಂದು ದಿನ ಆ ತೆಂಗಿನಕಾಯಿ ಗಾತ್ರದ ಕಲ್ಲೇ ಕೈಯಲ್ಲಿತ್ತು. ಬೇಸರ ಬಂತು, ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಆಮೇಲೆ ತೋಳಿನಲ್ಲಿ ಕೆಂಡ ಬಿದ್ದಂತಾಯಿತು.

"ವಸ್ತಾದ್ರ, ಆಗಂಗಿಲ್ರಿ!"

ವಸ್ತಾದರು ಚಕ್ಕನೆ ಎದ್ದು ಕೂತರು. ಅವರ ಕಣ್ಣು ಹೊಳೆಯುತ್ತಿದ್ದವು.

"ಕೈಯಾಗಿಂದು ಭಾರೋ, ಹಗುರೋ?"

"ಭಾರ್ರಿ! ಗುಡ್ಡ ಆಗೇತಿ!"

"ಮುಂಜಾನೆ?"

"ಮುಂಜಾನೆ ಹಗುರ ಇತ್ರಿ."

"ನಡುವ ಯಾರರ ಬಂದು ಅದಕ್ಕ ಏನರ ಸೇರಿಸಿದ್ರೇನು?"

ಯಮನೂರಪ್ಪ ಕೈಯಲ್ಲಿದ್ದ ಕಲ್ಲನ್ನು ಮೊದಲ ಸಲ ನೋಡುವವನಂತೆ ನೋಡಿದ. ಅದೇ ಕಲ್ಲು. ಅದೇ ಗಾತ್ರ. ಅವನ ಮೈ ಜುಮ್ಮೆಂದಿತು.

"ವಸ್ತಾದ್ರ! ಹಂಗಾರ ತೋಳಿಗೆ ಕಲ್ಲಿನ ತೂಕ ಗೊತ್ತ ಇಲ್ಲ! ತನ್ನ ತ್ರಾಣ ಕಡೀ ಮುಟ್ಟಿದ್ದು ಅಷ್ಟ ಗೊತ್ತು!"

"ಮಾತು ಬಾಳಾತು," ಅಂದರು ವಸ್ತಾದರು. "ಇಳಸು. ಮೆಲ್ಲಕ."

ಚಳಿಗಾಲದ ಕೊನೆಗೆ ಅವನ ತೋಳು ದಪ್ಪವಾದವು, ಬೆನ್ನು ಅಗಲವಾಯಿತು. ದೊಡ್ಡ ಕಲ್ಲು ಹೆಗಲಿಗೇರಿ ನಿದ್ದೆ ಕೆಡಿಸದೆ ಕೆಳಗಿಳಿಯುವಂತಾಯಿತು. ಇತ್ತ ದಸ್ತಗೀರನೂ ಮುದ್ಗರ ಬದಿಗಿಟ್ಟು ನಡುತರದ ಕಲ್ಲಿಗೆ ಬಂದಿದ್ದ. ಆದರೆ ನಾಲಿಗೆ ಹಾಗೇ ಇತ್ತು.

"ಚೀಲ ಸ್ವಲ್ಪ ಬಿಗದೈತಿ," ಅಂದ ಅವನು ಗೆಳೆಯನ ಹೊಟ್ಟೆ ತಟ್ಟಿ. "ಆದ್ರ ಚೀಲ ಚೀಲನ."

ಈ ಮಾತು ಯಮನೂರಪ್ಪನಿಗೆ ನಾಟಿತು. ಬಲ ಬಂದವನಿಗೆ ಅಂದವೂ ಬೇಕೆನಿಸುತ್ತದೆ, ಇದೇನು ಹೊಸದಲ್ಲ.

"ವಸ್ತಾದ್ರ, ನನ್ನ ಮೈಮ್ಯಾಲ ಗೆರಿ ಯಾವಾಗ ಮೂಡತಾವ್ರಿ? ಹಗುರದ್ದು ಇನ್ನೂ ಜಾಸ್ತಿ ಮಾಡ್ಲೇನು? ಅದು ಮೈ ಕಡೀತೈತಿ ಅಂತಾರ."

ವಸ್ತಾದರು ಹೊಳೆಯ ದಂಡೆಗೆ ನಡೆದರು. ಯಮನೂರಪ್ಪ ಹಿಂದೆ ಹೋದ.

"ಏನು ಕಾಣತೈತಿ?"

"ಬಂಡಿಗಲ್ಲು ಕಾಣತಾವ್ರಿ. ಅಲ್ಲೊಂದು, ಅಲ್ಲೊಂದು."

"ದೀಪಾವಳಿಗೆ?"

"ಒಂದೂ ಇರಲಿಲ್ರಿ. ಬರೇ ನೀರು."

"ಇವನ್ನ ಈಗ ಯಾರು ಬಂದು ಕಡದು ನಿಲ್ಲಿಸಿದ್ರು?"

"ಯಾರೂ ಇಲ್ರಿ. ಇಲ್ಲೇ ಇದ್ದವು. ನೀರು ಇಳೀತು, ಕಂಡವು."

ವಸ್ತಾದರು ಅವನ ಅಂಗಿಯ ಕಿಸೆಗೆ ಕೈ ಹಾಕಿದರು. ಒಂದು ಕರದಂಟಿನ ತುಂಡು ಹೊರಬಂತು. ಬೆಲ್ಲ, ಒಣಕೊಬ್ಬರಿ, ಅಂಟು, ತುಪ್ಪ ಎಲ್ಲ ಸೇರಿದ ಆ ಸಿಹಿ ಯಮನೂರಪ್ಪನ ಜೀವ. ಪೈಲ್ವಾನನಾದವನು ತಿನ್ನಲೇಬೇಕು ಅಂತ ತನಗೆ ತಾನೇ ಹೇಳಿಕೊಂಡು ಹೊತ್ತಿಗೊಂದು ಬಾಯಿಗಿಡುತ್ತಿದ್ದ.

ವಸ್ತಾದರು ಅದನ್ನು ತಮ್ಮ ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿ ನಿಧಾನವಾಗಿ ಅಗಿದರು. ಬೆರಳು ನೆಕ್ಕಿದರು.

"ಚಲೋ ಐತಿ," ಅಂದರು. "ನೀ ನೀರು ಇಳಸು."

ಕಲ್ಲು ಇಳಿಸಿದವನಿಗೆ ನೀರು ಇಳಿಸುವುದು ಇನ್ನೂ ಕಷ್ಟವಾಯಿತು. ಕರದಂಟಿನ ಅಂಗಡಿಯ ಮುಂದೆ ಬರುವಾಗ ಅವನು ಉಸಿರು ಬಿಗಿಹಿಡಿದು ಓಡುತ್ತಿದ್ದ. ದಸ್ತಗೀರ ಬೇಕೆಂದೇ ಅಲ್ಲಿ ನಿಂತು ಕರದಂಟು ಕಡಿಯುತ್ತಿದ್ದ. ಗೆಳೆಯರೆಂದರೆ ಹೀಗೇ.

ಯುಗಾದಿ ಹತ್ತಿರವಾಯಿತು. ಹೊಳೆ ಇನ್ನೂ ಇಳಿಯಿತು. ಯಮನೂರಪ್ಪನ ಹೊಟ್ಟೆಯೂ ಇಳಿಯಿತು. ಒಂದು ಬೆಳಿಗ್ಗೆ ಅವನು ಅಂಗಿ ತೆಗೆದಾಗ ದಸ್ತಗೀರ ಕೈಯಲ್ಲಿದ್ದ ಕಲ್ಲು ಕೆಳಗಿಟ್ಟ. ಹತ್ತಿರ ಬಂದು ಗೆಳೆಯನ ಹೆಗಲ ಸುತ್ತ, ತೋಳಿನ ಸುತ್ತ ಕಣ್ಣಾಡಿಸಿದ.

"ಇವೆಲ್ಲಾ ಎಲ್ಲಿದ್ದವಲೇ?"

"ಒಳಗ ಇದ್ದವು," ಅಂದ ಯಮನೂರಪ್ಪ. ಸಂತೋಷ ತಡೆಯಲಾರದೆ ಗರಡಿಯ ಸುತ್ತ ಒಂದು ಸುತ್ತು ಓಡಿಯೇ ಬಿಟ್ಟ.

ಯಾರು ಹೋಗಬೇಕು ಅನ್ನುವ ಮಾತು ಬಂದಾಗ ಮೊದಲು ಬಾಯಿ ಬಿಟ್ಟವನು ದಸ್ತಗೀರನೇ.

"ಹೋದ ವರ್ಷ ನಾನೂ ನಕ್ಕಿದ್ನಿ ದೋಸ್ತಾ. ಅದು ನನಗ ಇನ್ನೂ ಚುಚ್ಚತೈತಿ. ನೀನ ಹೋಗು."

"ಬಿದ್ರ?"

"ಬಿದ್ರ ಈ ಸಲ ನಾನೂ ಹಾರತೀನಿ. ಇಬ್ರೂ ಕೂಡೇ ಮೀನಿಗೆ ಮನಿ ಕಟ್ಟೂಣು."

ಆ ದಿನ ಬಂತು. ಎರಡೂ ದಂಡೆಯಲ್ಲಿ ಜನವೋ ಜನ. ಗಿಡದ ಮೇಲೆ, ಬಂಡಿಯ ಮೇಲೆ, ಒಬ್ಬರ ಹೆಗಲ ಮೇಲೆ ಒಬ್ಬರು. ಹಲಗೆಯ ಸದ್ದಿಗೆ ಎದೆ ತಾನಾಗಿ ಕುಣಿಯುತ್ತಿತ್ತು.

ಯಮನೂರಪ್ಪ ಗುರುಗಳ ಪಾದ ಮುಟ್ಟಿದ.

"ಏನರ ಹೇಳ್ರಿ ವಸ್ತಾದ್ರ. ಇದ ಕಡೀ ಸಲ."

"ಏನರ ಉಂಡಿಯೇನು?"

"ಒಳಗ ಇಳೀವಲ್ದ್ರಿ."

"ಅರ್ಧ ರೊಟ್ಟಿ ತಿಂದು ಹೋಗು," ಅಂದರು ವಸ್ತಾದರು. ಅಷ್ಟೇ ಅಂದರು.

ತೆಪ್ಪ ಅವನನ್ನು ಆ ದಂಡೆಗೆ ಬಿಟ್ಟಿತು. ಇರಗೊಂಡ ಎದುರಿಗೇ ನಿಂತಿದ್ದ.

"ಬಾರಪಾ ಬಾ! ಮೀನು ದಾರಿ ಕಾಯಾಕತ್ತಾವು!"

ಜನ ನಕ್ಕರು. ಯಮನೂರಪ್ಪ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಬಾಗಿ ಕಲ್ಲನ್ನು ತಬ್ಬಿದ.

ಕಲ್ಲು ನೆಲ ಬಿಟ್ಟಿತು. ಮೊಣಕಾಲಿಗೆ ಬಂತು. ತೊಡೆಗೆ ಬಂತು. ಒಂದು ಉಸಿರು. ಹೊಟ್ಟೆಗೆ, ಎದೆಗೆ. ಇನ್ನೊಂದು ಉಸಿರು. ಹೆಗಲು!

ಈ ದಂಡೆ ಕೂಗಿದ ಕೂಗಿಗೆ ಗಿಡದ ಹಕ್ಕಿಗಳೆಲ್ಲ ಎದ್ದು ಹಾರಿದವು.

ಅವನು ನೀರಿಗಿಳಿದ. ಪಾದ ಮುಳುಗಿತು, ಮೊಣಕಾಲು ಮುಳುಗಿತು, ಸೊಂಟ ಮುಳುಗಿತು. ಹೆಜ್ಜೆ ಇಡುತ್ತಾನೆ, ನಿಲ್ಲುತ್ತಾನೆ. ಹೆಜ್ಜೆ ಇಡುತ್ತಾನೆ, ನಿಲ್ಲುತ್ತಾನೆ. ದಸ್ತಗೀರ ಈ ದಂಡೆಯಲ್ಲಿ ನಿಂತಲ್ಲೇ ತಾನೂ ಹೆಜ್ಜೆ ಇಡುತ್ತಿದ್ದ, ತನಗೇ ಗೊತ್ತಿಲ್ಲದೆ.

ನಡುಹೊಳೆ.

ಕಾಲು ಜಾರಿತು.

ಮೈ ಒಂದು ಬದಿಗೆ ವಾಲಿತು. ಕಲ್ಲು ಹೆಗಲು ಬಿಟ್ಟು ಜಾರಿತು. ಹೋದ ವರ್ಷ ಈ ಗಳಿಗೆಯಲ್ಲಿ ತೋಳುಗಳಿಗೆ ಒಗೆಯುವುದೊಂದೇ ಗೊತ್ತಿತ್ತು. ವರ್ಷಗಟ್ಟಲೆ ಗರಡಿಯಲ್ಲಿ ಅದನ್ನೇ ಅಲ್ಲವೇ ಅವು ಕಲಿತಿದ್ದು?

ಈ ವರ್ಷ ತೋಳುಗಳು ಯಾರನ್ನೂ ಕೇಳಲಿಲ್ಲ. ತಾವಾಗಿ ಇಳಿಸಲು ಶುರು ಮಾಡಿದವು. ಎದೆಗೆ, ಎದೆಯಿಂದ ಹೊಟ್ಟೆಗೆ, ಹೊಟ್ಟೆಯಿಂದ ನೀರೊಳಗೆ. ಮೆಲ್ಲಗೆ, ಮೆಲ್ಲಗೆ.

ದಂಡೆಯಿಂದ ನೋಡಿದವರಿಗೆ ಕಲ್ಲು ಮುಳುಗಿದ್ದಷ್ಟೇ ಕಂಡಿತು.

"ಬಿಟ್ಟಾ!" ಇರಗೊಂಡ ಆಳೆತ್ತರ ಹಾರಿದ. "ಬಿಟ್ಟಾ! ಬಿಟ್ಟಾ!"

ಆ ದಂಡೆಯ ಹಲಗೆ ಗೆಲುವಿನ ಬಡಿತಕ್ಕೆ ತಿರುಗಿದವು. ಈ ದಂಡೆಯಲ್ಲಿ ದಸ್ತಗೀರ ಎರಡೂ ಕೈ ತಲೆಯ ಮೇಲಿಟ್ಟು ಕುಸಿದ.

"ಬಿಟ್ಟಿಲ್ಲ!"

ನಡುಹೊಳೆಯಿಂದ ಬಂದ ಕೂಗು ಅದು. ಯಮನೂರಪ್ಪ ಬಿದ್ದಿರಲಿಲ್ಲ. ಎದೆಮಟ್ಟ ನೀರಿನಲ್ಲಿ ಕಾಲು ಮಡಚಿ ನಿಂತಿದ್ದ. ಕಲ್ಲು ನೀರೊಳಗೆ ಅವನ ತೊಡೆಯ ಮೇಲಿತ್ತು, ತೋಳು ಅದನ್ನು ತಬ್ಬಿದ್ದವು.

ಆ ಗರಡಿಯ ಮುದಿ ವಸ್ತಾದರೇ ಕೈಯೆತ್ತಿ ತಮ್ಮವರ ಹಲಗೆ ನಿಲ್ಲಿಸಿದರು. "ಬಿಟ್ಟಿಲ್ಲ. ನಾ ನೋಡಾಕತ್ತೀನಿ," ಅಂದರು.

ನೀರೊಳಗೆ ಕಲ್ಲು ತುಸು ಹಗುರಾಗಿತ್ತು. ನೀರೂ ಒಂದು ಪಾಲು ಹೊತ್ತಿತ್ತಲ್ಲ. ಯಮನೂರಪ್ಪ ಉಸಿರು ತಂದುಕೊಂಡು ಕಾಲಿನಿಂದ ತಳ ತಡವಿದ. ಇಳಿಜಾರಾದ ಹಾಸುಬಂಡೆ. ಮೇಲೆ ದಪ್ಪ ಹಾವಸೆ, ಜಾರುವ ಪಾಚಿ. ಎಡಗಾಲು ಸ್ವಲ್ಪ ಸರಿಸಿದ. ಉಸುಕು ಸಿಕ್ಕಿತು.

ಅವನಿಗೆ ಅಲ್ಲೇ, ಆ ನೀರಿನಲ್ಲೇ, ನಗು ಬಂತು. ಹೋದ ವರ್ಷ ಅವನನ್ನು ಕೆಡವಿದ್ದು ಭಾರವಲ್ಲ. ಈ ಹಾವಸೆ!

ನಡೆದ. ಹೊಳೆಯ ತಳ ಏರತೊಡಗಿತು. ನೀರು ಎದೆ ಬಿಟ್ಟಿತು, ಸೊಂಟ ಬಿಟ್ಟಿತು. ಹೊತ್ತಿದ್ದ ಪಾಲನ್ನು ನೀರು ಒಂದೊಂದು ಹೆಜ್ಜೆಗೂ ಅವನಿಗೇ ಹಿಂದಿರುಗಿಸುತ್ತ ಹೋಯಿತು. ಕಲ್ಲನ್ನು ಮತ್ತೆ ಎದೆಗೆ ಏರಿಸಿಕೊಂಡ. ತೋಳಿನಲ್ಲಿ ಕೆಂಡ ಬಿತ್ತು. ಬೀಳಲಿ. ಆ ಕೆಂಡದ ಪರಿಚಯ ಅವನಿಗೆ ಚೆನ್ನಾಗಿತ್ತು. ಒಂದು ತೆಂಗಿನಕಾಯಿ ಗಾತ್ರದ ಕಲ್ಲು ಇಡೀ ಚಳಿಗಾಲ ಅದನ್ನು ಪರಿಚಯ ಮಾಡಿಸಿತ್ತು.

ಮೊಣಕಾಲು. ಪಾದ. ಒಣ ಉಸುಕು!

"ಒಗೀ!" ಜನ ಹುಚ್ಚೆದ್ದು ಕೂಗಿದರು. "ಒಗಿಯೋ ಯಮನೂರಪ್ಪಾ! ನೆಲ ನಡುಗಲಿ!"

ಅವನು ಒಗೆ ಅಂದವರನ್ನೆಲ್ಲ ನೋಡಿದ. ಆಮೇಲೆ ಬಾಗಿದ. ಎದೆಯಿಂದ ಹೊಟ್ಟೆಗೆ, ಹೊಟ್ಟೆಯಿಂದ ತೊಡೆಗೆ, ತೊಡೆಯಿಂದ ನೆಲಕ್ಕೆ ಕಲ್ಲನ್ನು ಇಳಿಸಿದ. ಒಂದಿಷ್ಟೂ ಸಪ್ಪಳವಾಗಲಿಲ್ಲ.

ಒಂದು ಕ್ಷಣ ಏನಾಯಿತೆಂದು ಯಾರಿಗೂ ತಿಳಿಯಲಿಲ್ಲ. ಆಮೇಲೆ ಈ ದಂಡೆ ಒಡೆದ ಕೆರೆಯಂತೆ ನುಗ್ಗಿತು. ದಸ್ತಗೀರ ಅಳುತ್ತ, ಬಯ್ಯುತ್ತ, ಗೆಳೆಯನನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿದ. ಮುದುಕರು ಕುಣಿದರು. ಹೋದ ವರ್ಷ ನಕ್ಕವರೆಲ್ಲ ಇವತ್ತು ಅವನ ಕಾಲು ಮುಟ್ಟಲು ಜಗಳಾಡಿದರು.

ಯಮನೂರಪ್ಪ ಎಲ್ಲರಿಂದ ಬಿಡಿಸಿಕೊಂಡು ಓಡಿದ. ವಸ್ತಾದರು ಜನರಿಂದ ಸ್ವಲ್ಪ ದೂರ, ನೀರಿನ ಹತ್ತಿರ ಒಬ್ಬರೇ ನಿಂತಿದ್ದರು. ಅವನು ಒದ್ದೆ ಮೈಯಲ್ಲೇ ಅವರ ಪಾದದ ಮೇಲೆ ಬಿದ್ದ. ಅವರು ಅವನ ತಲೆಯ ಮೇಲೆ ಕೈಯಿಟ್ಟರು.

"ವಸ್ತಾದ್ರ!" ಅವನಿಗೆ ಮಾತು ಒಂದರ ಮೇಲೊಂದು ಬಿದ್ದವು. "ನಡುಹೊಳ್ಯಾಗ ಒಂದು ಹಾಸುಬಂಡಿ ಐತ್ರಿ. ಇಳಿಜಾರು, ಮ್ಯಾಲ ಹಾವಸಿ. ಎಡಕ್ಕ ಸರದ್ರ ಉಸುಕು. ಇದು ನನಗ ಒಬ್ಬಗ ಗೊತ್ತು!"

"ಹೌದೇನು."

"ಬರೋ ಯುಗಾದಿಗೆ ಕಲ್ಲು ಒಯ್ಯಾಕ ಇರಗೊಂಡ ಬರತಾನ. ಬರಲಿ! ಅಲ್ಲಿಗೆ ಬಂದು ಬೀಳಲಿ! ನಾ ಯಾರಿಗೂ ಬಾಯಿ ಬಿಡಂಗಿಲ್ಲ."

ವಸ್ತಾದರು ತಮ್ಮ ಟವೆಲ್ಲು ತೆಗೆದು ಅವನ ಒದ್ದೆ ಹೆಗಲಿಗೆ ಹಾಕಿದರು.

"ಇನ್ನ ನನಗ ಯಾವುದೂ ಭಾರ ಅಲ್ರಿ!" ಯಮನೂರಪ್ಪ ಎದೆ ತಟ್ಟಿಕೊಂಡ. "ಇದಕ್ಕಿಂತ ಭಾರದ್ದು ಇದ್ರ ತೋರಸ್ರಿ. ಈಗಿಂದೀಗ ಎತ್ತತೀನಿ!"

ವಸ್ತಾದರು ಆ ದಂಡೆ ನೋಡಿದರು. ಜನ ಚದುರಿದ್ದರು. ಇರಗೊಂಡ ಒಬ್ಬನೇ ನೀರಿನ ಅಂಚಿಗೆ ಕೂತು, ಕಲ್ಲಿದ್ದ ಜಾಗವನ್ನು ಕೈಯಿಂದ ಸವರುತ್ತಿದ್ದ.

"ಐತಿ," ಅಂದರು ವಸ್ತಾದರು. "ಹೊಳಿ ದಾಟಿ ಹೋಗು. ಎಲ್ಲಿ ಕಾಲು ಜಾರತೈತಿ ಅಂತ ಅವಗ ಹೇಳಿ ಬಾ."